ಸದ್ಯಕ್ಕ ನಡೀತದ

ಅಪ್ಪನ ಟ್ರ್ಯಾಕ್ಟರನ್ನು ಮತ್ತೆ ಓಡಿಸಬೇಕೆಂಬ ಆಸೆ ನನಗೆ ಹುಟ್ಟಿದ್ದು ದೀಪಾವಳಿಯ ಪಾಡ್ಯದ ದಿನ, ಚಿತ್ತಾಪುರ ತಾಲ್ಲೂಕಿನ ನಮ್ಮೂರ ಮನೆಯ ಹಿತ್ತಲಿನಲ್ಲಿ, ಹೊಟ್ಟೆ ತುಂಬ ಹೋಳಿಗೆ ಉಂಡು ನಿಂತಿದ್ದಾಗ. ಹಸಿದ ಹೊಟ್ಟೆಯಲ್ಲಿ ಇಂಥ ಆಸೆಗಳು ಹುಟ್ಟುವುದಿಲ್ಲ. ಅಪ್ಪ ತೀರಿಕೊಂಡ 2011ರಿಂದ ತಗಡಿನ ಶೆಡ್ಡಿನೊಳಗೆ, ತೊಗರಿ ಹೊಟ್ಟಿನ ಚೀಲಗಳ ನಡುವೆ ನಿಂತೇ ಇದ್ದ ಆ ಮ್ಯಾಸ್ಸಿ ಫರ್ಗ್ಯುಸನ್ 1035 ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತಿತ್ತು. 35 ಅಶ್ವಶಕ್ತಿ, ಮೂರು ಸಿಲಿಂಡರು, ಕೆಂಪು ಬಣ್ಣ, ಬಾನೆಟ್ಟಿನ ಮೇಲೆ ಅಪ್ಪ ಬರೆಸಿದ್ದ ‘ಶ್ರೀ ಶರಣಬಸವೇಶ್ವರ ಪ್ರಸನ್ನ’. ಎರಡು ತಿಂಗಳಲ್ಲಿ ಬರಲಿದ್ದ ಎಳ್ಳ ಅಮಾವಾಸ್ಯೆಗೆ ಮನೆಮಂದಿಯನ್ನೆಲ್ಲ ಟ್ರಾಲಿಯಲ್ಲಿ ಕೂರಿಸಿಕೊಂಡು ಹೊಲಕ್ಕೆ ಚರಗ, ಅಂದರೆ ಭೂತಾಯಿಯ ನೈವೇದ್ಯ, ಚೆಲ್ಲಲು ಹೋಗುವುದೆಂದು ಅಲ್ಲಿಯೇ ಸಾರಿಬಿಟ್ಟೆ.

ಕಲಬುರಗಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನಾನು ಯಂತ್ರಗಳ ಸವಕಳಿಯ ಪಾಠವನ್ನು 25 ವರ್ಷಗಳಿಂದ ಹೇಳುತ್ತ ಬಂದವನು. ಆದ್ದರಿಂದ ಅಂದಾಜು ಪಟ್ಟಿಯನ್ನು ಬಹಳ ಶಿಸ್ತಿನಿಂದ ಬರೆದೆ. ಹೊಸ ಬ್ಯಾಟರಿ, ಇಂಜಿನ್ ಎಣ್ಣೆ, ಡೀಸೆಲ್ ಫಿಲ್ಟರ್, ಕೆಂಪು ಬಣ್ಣದ ಡಬ್ಬಿ, ಮೆಕ್ಯಾನಿಕನ ಎರಡು ದಿನದ ಕೂಲಿ, ಎಲ್ಲ ಸೇರಿ 15,000 ರೂಪಾಯಿ. ಈ ಪಟ್ಟಿಯನ್ನು ಕಾಕಾನಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ಪೂರ್ತಿ ಓದಿ, “ಅಕ್ಷರ ಛಲೋ ಅವ” ಎಂದಷ್ಟೇ ಹೇಳಿ ಹಿಂದಿರುಗಿಸಿದರು.

ಉಸ್ತಾದರು ಬಂದರು. ನಮ್ಮ ಕಡೆ ಒಳ್ಳೆಯ ಮೆಕ್ಯಾನಿಕರಿಗೆಲ್ಲ ಉಸ್ತಾದ್ ಎಂದೇ ಹೆಸರು. ಅವರು ಟ್ರ್ಯಾಕ್ಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರಕ್ಕೆ ಒಂದು ಸಲ ಒದ್ದು, ನಾನು ಚಾಚಿದ ಪಟ್ಟಿಯ ಕಡೆಗೆ ಕಣ್ಣೂ ಹಾಯಿಸದೆ, “ಬಿಚ್ಚಿ ನೋಡಬೇಕ್ರಿ ಸರ್” ಎಂದರು. ಈ ಮಾತಿನ ಬೆಲೆ ಎಷ್ಟೆಂದು ನನಗೆ ಆಗ ತಿಳಿಯಲಿಲ್ಲ.

ಬಿಚ್ಚುವ ಕೆಲಸ ಅವರದು, ಬಣ್ಣ ಕೆರೆಯುವ ಕೆಲಸ ನನ್ನದು ಎಂದು ಹಂಚಿಕೊಂಡೆವು. ಅಪ್ಪ ಪ್ರತಿ ದಸರೆಯ ಆಯುಧಪೂಜೆಗೆ ಟ್ರ್ಯಾಕ್ಟರಿಗೆ ಬಣ್ಣ ಹಚ್ಚುತ್ತಿದ್ದರು. ಅದನ್ನು ನಾವೆಲ್ಲ ಭಕ್ತಿ ಎಂದು ತಿಳಿದಿದ್ದೆವು. ಎಡಗಡೆಯ ಮಡ್‌ಗಾರ್ಡಿನಲ್ಲಿ ಏಳೆಂಟು ಪದರ ಕೆರೆದ ಮೇಲೆ ಪುಟ್ಟಿ ಸಿಕ್ಕಿತು, ಪುಟ್ಟಿಯ ಕೆಳಗೆ ಎಂ-ಸೀಲ್ ಸಿಕ್ಕಿತು, ಎಂ-ಸೀಲಿನ ಕೆಳಗೆ ರಿವೆಟ್ ಹೊಡೆದು ಕೂರಿಸಿದ ಒಂದು ತಗಡು ಸಿಕ್ಕಿತು. ಆ ತಗಡಿನ ಮೇಲೆ ‘ನಿವ್ವಳ ತೂಕ 15 ಕಿಲೋ’ ಎಂಬ ಅಕ್ಷರಗಳು ಸ್ಪಷ್ಟವಾಗಿದ್ದವು. ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಖಾಲಿಯಾದ ಎಣ್ಣೆ ಡಬ್ಬಗಳು ಎಲ್ಲಿ ಹೋಗುತ್ತವೆಂದು ಅವ್ವ ಹುಡುಕಾಡುತ್ತಿದ್ದುದು ನನಗೆ ನೆನಪಿದೆ. ಆಕೆಯನ್ನು ಕರೆದು ತೋರಿಸಿದೆ. ಅವ್ವ ತಗಡನ್ನು ಸವರಿ ನೋಡಿ, “ಇದರಾಗ ನಾ ಜೋಳ ತುಂಬಿ ಇಡಬೇಕಂತ ಮಾಡಿದ್ದೆ” ಎಂದು ಬೇಸರಪಟ್ಟುಕೊಂಡಳು.

ಅಪ್ಪನಿಗೆ ಒಂದು ಮಂತ್ರವಿತ್ತು. ಏನೇ ಮುರಿಯಲಿ, ಸೋರಲಿ, ಸಡಿಲಾಗಲಿ, ಕೈಗೆ ಸಿಕ್ಕಿದ್ದರಿಂದ ಅದನ್ನು ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಸದ್ಯಕ್ಕ ನಡೀತದ” ಎನ್ನುತ್ತಿದ್ದರು. ಅಪ್ಪನ ‘ಸದ್ಯ’ದ ಆಯುಸ್ಸು ಸರಾಸರಿ 20 ವರ್ಷವೆಂಬುದು ಈಗ ಒಂದೊಂದೇ ಪದರ ಬಿಚ್ಚಿದಂತೆ ಗೊತ್ತಾಗತೊಡಗಿತು. ಇದರಲ್ಲಿ ಟ್ರ್ಯಾಕ್ಟರ್ ತಯಾರಿಸಿದವರ ತಪ್ಪು ಎಳ್ಳಷ್ಟೂ ಇಲ್ಲ; ಇದು ಪೂರ್ತಿಯಾಗಿ ನಮ್ಮ ಮನೆತನದ ಕೊಡುಗೆ.

ಹಿಂದಿನ ಚಕ್ರಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ಎರೆ ಹೊಲದಲ್ಲಿ ನೇಗಿಲು ಎಳೆಯುವಾಗ ಚಕ್ರ ಜಾರಬಾರದೆಂದು ಟ್ಯೂಬಿನೊಳಗೆ ನೀರು ತುಂಬಿ ಭಾರ ಮಾಡುವುದು ಎಲ್ಲ ರೈತರೂ ಬಲ್ಲ ಉಪಾಯ. ಆ ನೀರು ವಾಲ್ವಿನ ಬುಡದಲ್ಲಿ ವರ್ಷಗಟ್ಟಲೆ ಒಸರಿ, ಹೊರಗೆ ಹೊಳೆಯುತ್ತಿದ್ದ ರಿಮ್ಮನ್ನು ಒಳಗಿನಿಂದ ಹಪ್ಪಳದಷ್ಟು ತೆಳ್ಳಗೆ ಮಾಡಿಟ್ಟಿತ್ತು. ಉಸ್ತಾದರು ಸ್ಕ್ರೂಡ್ರೈವರಿನಿಂದ ಒತ್ತಿದರು. ಅದು ಆ ಕಡೆಯಿಂದ ಹೊರಬಂದು ನನ್ನನ್ನು ನೋಡಿತು. ಎರಡು ರಿಮ್ಮುಗಳಿಗೆ ನನ್ನ 15,000 ಮುಗಿಯಿತು.

ಇಂಜಿನ್ನಿನ ವಿಷಯದಲ್ಲಿ ಮಾತ್ರ ಕಾಕಾನಿಗೆ ಪೂರ್ಣ ವಿಶ್ವಾಸವಿತ್ತು. ಎಣ್ಣೆ ಅಳೆಯುವ ಕಡ್ಡಿಯನ್ನು ತಾವೇ ಎಳೆದು, ಧೋತರದ ಚುಂಗಿಗೆ ಒರೆಸಿ, ಮತ್ತೆ ಅದ್ದಿ ಎತ್ತಿ ತೋರಿಸಿ, “ನೋಡು, ಇಷ್ಟು ವರ್ಷ ನಿಂತ್ರೂ ಒಂದು ತೊಟ್ಟು ಎಣ್ಣಿ ಕಮ್ಮಿ ಆಗಿಲ್ಲ. ಗುರ್ತಿಗಿಂತ ಮ್ಯಾಲೇ ಅದ!” ಎಂದು ಹೆಮ್ಮೆಪಟ್ಟರು. ಉಸ್ತಾದರು ವಿನಯದಿಂದಲೇ ಉತ್ತರಿಸಿದರು. “ಎಣ್ಣಿ ತಾನಾಗೇ ಹೆಚ್ಚಾಗಂಗಿದ್ರ ನಾ ಗ್ಯಾರೇಜ್ ಯಾಕ ಇಡ್ತಿದ್ದೆ ಕಾಕಾ, ಎಣ್ಣಿ ಅಂಗಡಿನೇ ಇಡ್ತಿದ್ದೆ.” ಕೆಳಗಿನ ಬೋಲ್ಟು ಬಿಚ್ಚಿದಾಗ ಮೊದಲು ಬಂದದ್ದು ಎಣ್ಣೆಯಲ್ಲ, ಎರಡು ತಂಬಿಗೆಯಷ್ಟು ತುಕ್ಕು ನೀರು. ಎಣ್ಣೆಗಿಂತ ನೀರು ಭಾರವಾದ್ದರಿಂದ ತಳದಲ್ಲಿ ಕುಳಿತು ಮೇಲಿನ ಎಣ್ಣೆಯನ್ನು ಎತ್ತಿ ಹಿಡಿದಿತ್ತು. ಅದರ ಹಿಂದೆ ಸುರಿದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ ಲೋಳೆ. ಬೋರಿನ ಸವಳು ನೀರನ್ನೇ ರೇಡಿಯೇಟರಿಗೆ ತುಂಬುತ್ತ ಬಂದುದರಿಂದ ಒಳದಾರಿಗಳಲ್ಲೆಲ್ಲ ಸುಣ್ಣ ಕಟ್ಟಿ, ಇಂಜಿನ್ ಕಾದು ಕಾದು, ಸಿಲಿಂಡರುಗಳ ಮುಚ್ಚಳವಾದ ಹೆಡ್ ಸೊಟ್ಟಗಾಗಿ, ಅದರ ಸಂದು ಮುಚ್ಚುವ ಪ್ಯಾಕಿಂಗ್ ಸುಟ್ಟು, ನೀರು ಎಣ್ಣೆಯ ಮನೆಗೆ ನುಗ್ಗಿತ್ತು. ಕಾಕಾ ತುಸು ಹೊತ್ತು ಸುಮ್ಮನಿದ್ದು, ತೊಗರಿ ಗಿಡಕ್ಕೆ ಹುಳ ಬಿದ್ದಿದೆಯೇ ನೋಡಿಬರುತ್ತೇನೆಂದು ಹೊಲಕ್ಕೆ ಹೋದರು.

ಕ್ಲಚ್ಚಿನ ಸರದಿ ಬಂದಾಗ ನನಗೆ ಟ್ರ್ಯಾಕ್ಟರಿನ ಅಂಗರಚನೆಯ ಮೊದಲ ಪಾಠವಾಯಿತು. ಲಾರಿಗೆ ಚಾಸಿ ಎಂಬುದೊಂದು ಇರುತ್ತದೆ, ಉಳಿದದ್ದೆಲ್ಲ ಅದರ ಮೇಲೆ ಕುಳಿತಿರುತ್ತದೆ. ಈ ಬಗೆಯ ಟ್ರ್ಯಾಕ್ಟರಿಗೆ ಅಂಥ ಬೆನ್ನೆಲುಬು ಬೇರೆ ಇಲ್ಲ. ಇಂಜಿನ್, ಕ್ಲಚ್ ಕೂತಿರುವ ಗೂಡು, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ಲು, ಇವೇ ಒಂದಕ್ಕೊಂದು ಬೋಲ್ಟಿನಿಂದ ಬಿಗಿದುಕೊಂಡು ಅದರ ಮೈಯೂ ಆಗಿವೆ, ಎಲುಬೂ ಆಗಿವೆ. ಆದ್ದರಿಂದ ತಟ್ಟೆಯಷ್ಟಗಲದ ಕ್ಲಚ್ ಪ್ಲೇಟನ್ನು ತೆಗೆಯಬೇಕಾದರೆ ಇಡೀ ಟ್ರ್ಯಾಕ್ಟರನ್ನು ನಡುವಿಗೆ ಎರಡು ಭಾಗ ಮಾಡಬೇಕು. ಶಹಾಬಾದ್ ಫರಸಿಗಳನ್ನೂ ಬೇವಿನ ದಿಮ್ಮಿಗಳನ್ನೂ ಆನಿಸಿ, ಜಾಕಿ ಏರಿಸಿ, ಉಸ್ತಾದರೂ ಅವರ ಇಬ್ಬರು ಹುಡುಗರೂ ಹಿಂದಿನರ್ಧವನ್ನು ಮೆಲ್ಲಗೆ ಹಿಂದಕ್ಕೆ ಉರುಳಿಸಿದರು. ಚಹಾ ತಂದ ಅವ್ವ, ಶೆಡ್ಡಿನ ಈ ಗೋಡೆಗೊಂದು ಆ ಗೋಡೆಗೊಂದು ತುಂಡಾಗಿ ನಿಂತ ಗಂಡನ ಟ್ರ್ಯಾಕ್ಟರನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. “ಇದನ್ನ ಮತ್ತ ಕೂಡಸ್ಲಿಕ್ಕೆ ಬರ್ತದಿಲ್ಲೋ ಇವಗ?” ಎಂದು ನನ್ನ ಕಿವಿಯಲ್ಲಿ ಕೇಳಿದಳು. ಬರುತ್ತದೆಂದು ನಾನು ಹೇಳಿದೆ. ನನಗೂ ಅದೇ ಪ್ರಶ್ನೆ ಇತ್ತು.

ಆ ರಾತ್ರಿ ಸಮಾಧಾನಕ್ಕೆಂದು ಈ ಟ್ರ್ಯಾಕ್ಟರಿಗೆ ಅರ್ಧ ಹೆಸರು ಕೊಟ್ಟ ಹ್ಯಾರಿ ಫರ್ಗ್ಯುಸನ್ ಎಂಬ ಐರ್ಲೆಂಡಿನ ಪುಣ್ಯಾತ್ಮನ ಬಗ್ಗೆ ಓದಿದೆ. ನೇಗಿಲು ಕಲ್ಲಿಗೆ ಸಿಕ್ಕಾಗ ಟ್ರ್ಯಾಕ್ಟರು ಮುಂಗಾಲೆತ್ತಿ ಚಾಲಕನ ಮೇಲೆಯೇ ಮಗುಚಿಕೊಳ್ಳುತ್ತಿದ್ದ ಕಾಲದಲ್ಲಿ, ನೇಗಿಲನ್ನು ಮೂರು ಕಡೆ ಹಿಡಿದು ಹೈಡ್ರಾಲಿಕ್ಕಿನಿಂದ ಎತ್ತಿ ಇಳಿಸುವ ಏರ್ಪಾಡನ್ನು ರೂಪಿಸಿದವನು ಅವನು. ಅದಕ್ಕೂ ಮೊದಲು 1909ರಲ್ಲಿ ತಾನೇ ಕಟ್ಟಿದ ವಿಮಾನವನ್ನು ಹಾರಿಸಿಯೂ ಇದ್ದನಂತೆ. ಅವನ ಹೆಸರು ಹೊತ್ತ ಯಂತ್ರ ನಮ್ಮ ಶೆಡ್ಡಿನಲ್ಲಿ ನೆಲದ ಮೇಲೂ ನೆಟ್ಟಗೆ ನಿಂತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಶೋಧ ನಡೆದದ್ದು ಮೂರನೆಯ ವಾರ. ಸುಣ್ಣ ತೆಗೆಸಲು ರೇಡಿಯೇಟರನ್ನು ಇಳಿಸಿದಾಗ, ಮುಂದಿನ ಆಕ್ಸಲ್ಲನ್ನು ಹಿಡಿದಿರುವ ಎರಕದ ಭಾಗ ಹೊರಗೆ ಕಂಡಿತು. ಅಲ್ಲಿ ಬಣ್ಣ ಬೇರೆ ಎಲ್ಲೆಡೆಗಿಂತ ದಪ್ಪವಾಗಿತ್ತು. ಉಸ್ತಾದರು ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ ಸುತ್ತಿಗೆಯಿಂದ ಅದನ್ನು ಬಡಿದು ಕಿವಿಗೊಟ್ಟರು. ಬಲಗಡೆ ‘ಠಣ್’ ಎಂದಿತು, ಎಡಗಡೆ ‘ಠಪ್’ ಎಂದಿತು. ಅವರ ಮುಖ ಗಂಭೀರವಾಯಿತು. ಬಣ್ಣ ಪೂರ್ತಿ ತೆಗೆದು, ಸೀಮೆಎಣ್ಣೆ ಸವರಿ, ಒಣ ಬಟ್ಟೆಯಿಂದ ಒರೆಸಿ, “ಸರ್, ನಿಮ್ಮ ಹತ್ರ ಚಾಕ್‌ಪೀಸ್ ಅದೇನ್ರಿ?” ಎಂದು ಕೇಳಿದರು. ಇಷ್ಟು ದಿನಗಳಲ್ಲಿ ನನ್ನ ವೃತ್ತಿಯಿಂದ ಈ ಕೆಲಸಕ್ಕೆ ಆದ ಒಂದೇ ಉಪಕಾರ ಅದು. ಚಾಕಿನ ಪುಡಿ ಬಳಿದು ಕಾದು ಕುಳಿತೆವು. ಬಿರುಕಿನೊಳಗೆ ಹೊಕ್ಕಿದ್ದ ಸೀಮೆಎಣ್ಣೆ ಮೆಲ್ಲನೆ ಹೊರಗೆ ಒಸರಿ, ಬಿಳಿಯ ಪುಡಿಯ ಮೇಲೆ ಗೇಣುದ್ದದ ಕಪ್ಪು ಗೆರೆಯೊಂದನ್ನು ಬರೆಯಿತು. ಅದರ ಪಕ್ಕದಲ್ಲೇ ಹಳೆಯ ಬೆಸುಗೆಯ ದಪ್ಪ ಗಾಯದ ಗುರುತೊಂದಿತ್ತು. ನಮ್ಮ ಎರೆ ಭೂಮಿಯೂ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ, ಆದರೆ ಮಿರಗದ ಮಳೆ ಬಿದ್ದೊಡನೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಕಬ್ಬಿಣಕ್ಕೆ ಆ ಗುಣವಿಲ್ಲ.

ನನಗೆ ತಡೆಯಲಾಗದಷ್ಟು ಸಿಟ್ಟು ಬಂತು. ಹಿಂದೆ ನಮ್ಮಲ್ಲಿದ್ದ ಡ್ರೈವರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆಸಿ ಬೈದೆ. ಯಾವನೋ ಕುಡಿದು ಗುದ್ದಿರಬೇಕು, ಗುದ್ದಿ ಮುಚ್ಚಿಟ್ಟಿರಬೇಕು, ಇಂಥವರನ್ನು ನಂಬಿ ಅಪ್ಪ ಕೆಟ್ಟರು ಎಂದು ಕಾಕಾನ ಎದುರು ಸುಮಾರು ಹತ್ತು ನಿಮಿಷ ಮಾತನಾಡಿದೆ. ಕಾಕಾ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದರು. “ಬಾವಿ ಕಟ್ಟಿಗಿ ಗುದ್ದಿದವ ಯಾರೋ ತಮ್ಮಾ?”

1991ರಲ್ಲಿ ನಾನು ಪಿಯುಸಿಯಲ್ಲಿದ್ದೆ. ಅಪ್ಪ ತೊಗರಿ ಮಾರಲು ಕಲಬುರಗಿಗೆ ಹೋದ ಒಂದು ಮಧ್ಯಾಹ್ನ, ಯಾರಿಗೂ ಹೇಳದೆ ಟ್ರ್ಯಾಕ್ಟರನ್ನು ಹೊರಗೆ ತೆಗೆದು, ಬ್ರೇಕಿನ ಬದಲು ಕ್ಲಚ್ಚನ್ನಷ್ಟೇ ಒತ್ತಿ ಹಿಡಿದು, ಇಳಿಜಾರಿನಲ್ಲಿ ಹೋಗಿ ಬಾವಿಯ ಕಟ್ಟೆಗೆ ಗುದ್ದಿದ್ದೆ. ಮುಂದಿನ ಬಂಪರ್ ಸೊಟ್ಟಗಾಗಿತ್ತು; ಅದನ್ನು ಬಡಿದು ನೆಟ್ಟಗೆ ಮಾಡಿ, ಗೀರುಗಳಿಗೆ ಕೆಸರು ಮೆತ್ತಿ, ಟ್ರ್ಯಾಕ್ಟರನ್ನು ಶೆಡ್ಡಿಗೆ ಸೇರಿಸಿ, ಸಂಜೆಗೆ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದೆ. ಯಾರಿಗೂ ಗೊತ್ತಾಗಿಲ್ಲವೆಂದು 30 ವರ್ಷಗಳಿಗೂ ಹೆಚ್ಚು ಕಾಲ ನಂಬಿಕೊಂಡು ಬಂದಿದ್ದೆ. ಕಾಕಾ ಹೇಳಿದ ಪ್ರಕಾರ, ಅಪ್ಪನಿಗೆ ಅಂದು ರಾತ್ರಿಯೇ ಗೊತ್ತಾಗಿತ್ತು. ವಾರದ ನಂತರ ಟ್ರ್ಯಾಕ್ಟರನ್ನು ಶಹಾಬಾದಿಗೆ ಒಯ್ದು ಬೆಸುಗೆ ಹಾಕಿಸಿಕೊಂಡು ಬಂದು, ಅದರ ಮೇಲೆ ಬಣ್ಣ ಬಳಿದು, “ಪರೀಕ್ಷಾ ಅದ, ಹುಡುಗಗ ಹೇಳಬ್ಯಾಡ” ಎಂದಿದ್ದರಂತೆ. ಮುಂದಿನ ದಸರೆಗಳಲ್ಲೆಲ್ಲ ಆ ಜಾಗಕ್ಕೆ ಎರಡು ಕೋಟು ಹೆಚ್ಚಾಗಿ ಬೀಳುತ್ತಿತ್ತು. ಕಾಕಾ ಬಿಡಿ, ಓಣಿಗೆಲ್ಲ ಈ ವಿಷಯ ತಿಳಿದಿತ್ತು. ತಿಳಿಯದವನು ಗುದ್ದಿದವನೊಬ್ಬನೇ.

ನಾನು ಬೈಯ್ಯುವುದನ್ನು ನಿಲ್ಲಿಸಿದೆ. ಉಸ್ತಾದರು ಬಹಳ ಸೌಜನ್ಯದಿಂದ ಮುಖ ಆ ಕಡೆ ತಿರುಗಿಸಿಕೊಂಡು ಪಾನಾ ಒರೆಸುತ್ತಿದ್ದರು.

ಎರಕದ ಕಬ್ಬಿಣಕ್ಕೆ ಬೆಸುಗೆ ಹಾಕುವುದು ಸುಲಭವಲ್ಲವೆಂದು ಅವರು ವಿವರಿಸಿದರು. ಹಳೆಯ ಬೆಸುಗೆ ಬೇಗ ಆರಿದ್ದರಿಂದಲೇ ಅದರ ಮಗ್ಗುಲಲ್ಲಿ ಹೊಸ ಬಿರುಕು ಬಿಟ್ಟಿತ್ತು. ಬಿರುಕು ಮುಂದೆ ಓಡದಂತೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದು, ಭಾಗವನ್ನೆಲ್ಲ ಮೊದಲು ಕಾಸಿ, ನಿಕ್ಕಲ್ ಕಡ್ಡಿಯಿಂದ ಚೂರುಚೂರಾಗಿ ಬೆಸೆದು, ಆಮೇಲೆ ಬೂದಿಯಲ್ಲಿ ಹುಗಿದು ಒಂದು ರಾತ್ರಿ ಮೆಲ್ಲಗೆ ಆರಲು ಬಿಡಬೇಕು. “ಬಾಣಂತಿ ಇದ್ದಂಗ್ರಿ, ಗಾಳಿ ತಾಕಬಾರದು” ಎಂದರು. ಅವ್ವನಿಗೆ ಈ ಭಾಷೆ ಕೂಡಲೇ ಅರ್ಥವಾಯಿತು. ಒಲೆಯ ಬೂದಿಯನ್ನೆಲ್ಲ ತಾನೇ ಬುಟ್ಟಿಯಲ್ಲಿ ತಂದು ಸುರಿದು, ಮೇಲೊಂದು ಗೋಣಿಚೀಲ ಹೊದಿಸಿ, ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿಬಂದಳು.

ಇಷ್ಟೆಲ್ಲ ಆಗುವಷ್ಟರಲ್ಲಿ ಖರ್ಚು ನನ್ನ ಅಂದಾಜಿನ ಏಳು ಪಟ್ಟು ದಾಟಿತ್ತು. ಲೆಕ್ಕಶಾಸ್ತ್ರದಲ್ಲಿ ಯಂತ್ರದ ಬೆಲೆ ವರ್ಷವರ್ಷವೂ ಇಳಿದು ಕೊನೆಗೆ ಸೊನ್ನೆಗೆ ಬಂದು ನಿಲ್ಲುತ್ತದೆ. ಸೊನ್ನೆಯ ಕೆಳಗೂ ಇಳಿಯುತ್ತ ಹೋಗುವ ಆಸ್ತಿಯ ಬಗ್ಗೆ ಪಠ್ಯದಲ್ಲಿ ಒಂದು ಸಾಲೂ ಇಲ್ಲ. ಹೆಂಡತಿ ಕಲಬುರಗಿಯಿಂದ ಫೋನು ಮಾಡಿದಾಗಲೆಲ್ಲ ನಾನು ಸಿಗ್ನಲ್ ಇಲ್ಲದ ಕಡೆಗೆ ನಡೆಯುತ್ತಿದ್ದೆ. ಎರಡು ಭಾಗಗಳನ್ನು ಕೂಡಿಸುವ ಹಿಂದಿನ ದಿನ ಉಸ್ತಾದರು ಇಂಜಿನ್ನಿನ ಹಿಂಬದಿಯ ಭಾರದ ಚಕ್ರವಾದ ಫ್ಲೈವೀಲಿನ ಸುತ್ತ ಇರುವ ಹಲ್ಲಿನ ಬಳೆಯನ್ನು ತೋರಿಸಿದರು. ಇಂಜಿನ್ ಬಂದ್ ಮಾಡಿದಾಗ ಅದು ಸಿಲಿಂಡರಿನೊಳಗಿನ ಗಾಳಿಯ ಒತ್ತಡ ತಡೆದಲ್ಲಿಯೇ ನಿಲ್ಲುವುದರಿಂದ, ಮೂರು ಸಿಲಿಂಡರಿನ ಇಂಜಿನ್ ಹೆಚ್ಚುಕಡಿಮೆ ಮೂರೇ ಜಾಗಗಳಲ್ಲಿ ನಿಲ್ಲುತ್ತದೆ. ಇಂಜಿನ್ ಶುರು ಮಾಡುವ ಸೆಲ್ಫ್ ಮೋಟರಿನ ಗೇರು ಸದಾ ಅವೇ ಹಲ್ಲುಗಳನ್ನು ಕಚ್ಚಿ ಕಚ್ಚಿ ಆ ಮೂರೂ ಕಡೆ ಹಲ್ಲು ಸವೆದು ಬೊಚ್ಚಾಗಿದ್ದವು. “ಕಾಸಿ ತಗದು ಹೊಸಾದು ಹಾಕೋಣ್ರಿ ಸರ್. ಕೂಡಿಸಿದ ಮ್ಯಾಲ ಇದಕ್ಕ ಕೈ ಹಾಕಬೇಕಂದ್ರ ಮತ್ತ ನಡುವಿಗೆ ಬಿಚ್ಚಬೇಕಾಗ್ತದ.”

ಎಳ್ಳ ಅಮಾವಾಸ್ಯೆಗೆ ಉಳಿದಿದ್ದದ್ದು ನಾಲ್ಕು ದಿನ. ನಾನು ಜೇಬು ಮುಟ್ಟಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಸದ್ಯಕ್ಕ ನಡೀತದ ಬಿಡ್ರಿ” ಎಂದೆ. ಮೂಲೆಯಲ್ಲಿ ಕುಳಿತಿದ್ದ ಅವ್ವ ತಲೆಯೆತ್ತಿ ನನ್ನನ್ನು ಒಂದು ಕ್ಷಣ ನೋಡಿ, ಮತ್ತೆ ಅವರೆಕಾಯಿ ಬಿಡಿಸತೊಡಗಿದಳು.

ಅಮಾವಾಸ್ಯೆಯ ಬೆಳಿಗ್ಗೆ ಟ್ರ್ಯಾಕ್ಟರು ಒಂದೇ ಏಟಿಗೆ ಶುರುವಾಯಿತು. ಟ್ರಾಲಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿಯ ಕೊಡ, ಹದಿನಾಲ್ಕು ಜನ. ಜೋಳದ ಹೊಲಕ್ಕೆ ಚರಗ ಚೆಲ್ಲಿ, ಬನ್ನಿಗಿಡದ ನೆರಳಿನಲ್ಲಿ ಉಂಡು, ಕಾಲು ಚಾಚಿ ಮಲಗೆದ್ದ ಮೇಲೆ ನಾನು ಸೀಟಿನ ಮೇಲೆ ಗತ್ತಿನಿಂದ ಕುಳಿತು ಕೀಲಿ ತಿರುಗಿಸಿದೆ. ಸೆಲ್ಫ್ ಮೋಟರು ‘ಸುಂಯ್’ ಎಂದು ತನ್ನಷ್ಟಕ್ಕೆ ತಿರುಗಿತು; ಇಂಜಿನ್ ಅಲ್ಲಾಡಲಿಲ್ಲ. ಇಂಜಿನ್ ಆ ಮೂರು ಜಾಗಗಳಲ್ಲೊಂದರಲ್ಲಿ ನಿಂತಿತ್ತು. ಹೊಟ್ಟೆ ಭಾರವಾದ ಹದಿಮೂರು ಜನ ಟ್ರಾಲಿ ಕಳಚಿ, ಎರೆ ಮಣ್ಣಿನಲ್ಲಿ ನೂಕತೊಡಗಿದರು. ಟ್ರ್ಯಾಕ್ಟರು ಒಂದು ಮಾರು ಮುಂದೆ ಹೋಗಿ ನಿಂತಿತು.

ಕಾಕಾ ಬೆವರು ಒರೆಸಿಕೊಳ್ಳುತ್ತ ಹೇಳಿದರು. “ಸಪಾಟ ಜಾಗದಾಗ ಯಾಕ ನಿಲ್ಲಿಸ್ದಿ? ನಿಮ್ಮಪ್ಪ ಎಂದಾದರೂ ಹಿಂಗ ನಿಲ್ಲಿಸಿದ್ದು ನೋಡೀಯೇನು?”

ನೋಡಿರಲಿಲ್ಲ. ಅಪ್ಪ ಹೊಲದಲ್ಲಾಗಲಿ, ಸಂತೆಯಲ್ಲಾಗಲಿ, ಬೀಗರ ಮನೆಯ ಮುಂದಾಗಲಿ, ಸದಾ ದಿಬ್ಬ ಹುಡುಕಿ, ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸುತ್ತಿದ್ದರು; ದೂರದವರೆಗೆ ನೋಟ ಹಾಯಲೆಂದು ಹಾಗೆ ಮಾಡುತ್ತಾರೆಂದು ನಾನು ತಿಳಿದಿದ್ದೆ. ಪಕ್ಕದ ಹೊಲದವರ ಎತ್ತುಗಳು ಬಂದು ಎಳೆದ ಮೇಲೆ ನಮ್ಮ ಮೆರವಣಿಗೆ ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿತು. ಟ್ರ್ಯಾಕ್ಟರು ಈಗ ಶೆಡ್ಡಿನಲ್ಲಿಲ್ಲ, ಕೊಟ್ಟಿಗೆಯ ಹಿಂದಿನ ದಿಬ್ಬದ ಮೇಲಿದೆ, ಮುಂದಿನ ಚಕ್ರಕ್ಕೆ ಶಹಾಬಾದ್ ಕಲ್ಲಿನ ಒಂದು ತುಂಡನ್ನು ಆನಿಸಿದ್ದೇನೆ.