ಆಟ ಎಲ್ಲಿ ಸ್ವಾಮಿ?

ಮೊನ್ನೆ ಭಾನುವಾರ ರಾತ್ರಿ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ಟಿವಿ ಮುಂದೆ ಕೂತೆ. ಹುಚ್ಚು ಅನ್ನಿ, ಪರವಾಗಿಲ್ಲ. ಚಾನೆಲ್ ಹೆಸರು ಬೇಡ, ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಸಾಚಾ ಅಂದಂಗಾಗುತ್ತೆ. ಒಂದೂವರೆ ಗಂಟೆಯ ಗೇಮ್ ಶೋ. ಅದರಲ್ಲಿ ಆಟ ನಡೆದದ್ದು 14 ನಿಮಿಷ. ಗಂಡನ ಕಣ್ಣಿಗೆ ಬಟ್ಟೆ ಕಟ್ಟಿ, ಅವನ ಕೈಲಿ ಹೆಂಡತಿ ಬಾಯಿಗೆ ಬಾಳೆಹಣ್ಣು ತುರುಕಿಸಿದ್ದನ್ನೂ ಧಾರಾಳವಾಗಿ ಆಟ ಅಂತಲೇ ಹಿಡಿದು ಹೇಳಿದ ಲೆಕ್ಕ ಇದು.

ಉಳಿದ ಹೊತ್ತೆಲ್ಲ ಏನು ಮಾಡಿದರು? ಬಂದವರು ಕುಣಿದುಕೊಂಡು ಬಂದರು. ಕುಣಿದದ್ದಕ್ಕೆ ಜಡ್ಜ್ ಎದ್ದು ನಿಂತರು. ಜಡ್ಜ್ ನಕ್ಕಿದ್ದನ್ನು ಮೂರು ಸಲ ತೋರಿಸಿದರು, ಢಣ್ ಢಣ್ ಢಣ್ ಅಂತ. ಆಮೇಲೆ ಲೈಟು ಮಂಕಾಯಿತು, ಕೊಳಲು ಶುರುವಾಯಿತು, ಪರದೆ ಮೇಲೆ ತೀರಿಹೋದ ಅಪ್ಪನ ಫೋಟೋ ಬಂತು. ಆ ಹೆಣ್ಣುಮಗಳ ದುಃಖ ನಿಜ, ಅದರ ಬಗ್ಗೆ ನನ್ನದು ತಕರಾರಿಲ್ಲ. ಆದರೆ ಕಣ್ಣೀರು ಕೆನ್ನೆಗೆ ಇಳಿಯೋ ಹೊತ್ತಿಗೆ ಸರಿಯಾಗಿ 'ಎಲ್ಲೂ ಹೋಗಬೇಡಿ, ಒಂದು ಪುಟ್ಟ ಬ್ರೇಕ್' ಅಂದರಲ್ಲ, ಆಗ ಮೈ ಉರಿದುಹೋಯಿತು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೇ ಅಂದಳು: "ಅಳಿಸೋಕೆ ಧಾರಾವಾಹಿ ಇಲ್ವೇನೋ?"

ಧಾರಾವಾಹಿಯವರೂ ಇಲ್ಲಿಗೇ ಬರ್ತಾರೆ ಅಮ್ಮ. ಒಂದು ವಾರ ಅತ್ತೆ ತಂಡ, ಒಂದು ವಾರ ಸೊಸೆ ತಂಡ, ಇನ್ನೊಂದು ವಾರ ಎರಡು ಧಾರಾವಾಹಿ ಸೇರಿ ಮಹಾಸಂಗಮ. ಟಿವಿಯಲ್ಲಿ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು ಅಂತ ಸರ್ಕಾರದ ನಿಯಮ ಇದೆ. ಅದರಲ್ಲಿ 10 ನಿಮಿಷ ವ್ಯಾಪಾರದ್ದು, 2 ನಿಮಿಷ ಚಾನೆಲ್‌ನವರ ಸ್ವಂತ ಪ್ರಚಾರಕ್ಕೆ. ಎರಡೇ ನಿಮಿಷ! ಈ ಶೋ ಶುರುವಿಂದ ಕೊನೆವರೆಗೂ ಅವರ ಧಾರಾವಾಹಿಗಳ ಪ್ರಚಾರವೇ ಆಗಿರುವಾಗ ಆ ಎರಡು ನಿಮಿಷವನ್ನು ಎಲ್ಲಿ ಅಂತ ಹುಡುಕಿ ಅಳೆಯೋದು? ಆಟದ ಮಧ್ಯೆ ನಿರೂಪಕಿ ಸಾಂಬಾರ್ ಪುಡಿ ಪ್ಯಾಕೆಟ್ ಹಿಡಿದು 'ವಾವ್, ಅಮ್ಮನ ಕೈರುಚಿ' ಅಂದದ್ದು ಯಾವ ಲೆಕ್ಕಕ್ಕೆ?

ಬ್ರೇಕ್ ಮುಗಿದ ಮೇಲಾದರೂ ಮುಂದಕ್ಕೆ ಹೋಗ್ತಾರಾ ಅಂದರೆ, ಬ್ರೇಕ್‌ಗೆ ಮುಂಚೆ ತೋರಿಸಿದ್ದನ್ನೇ ಮತ್ತೆ ಮೊದಲಿಂದ.

ಸರಿ, ಕೊನೆಗೂ ಒಂದು ಪ್ರಶ್ನೆ ಬಂತು. ಕಾವೇರಿ ಹುಟ್ಟುವುದು ಯಾವ ಜಿಲ್ಲೆಯಲ್ಲಿ? ಅಮ್ಮ ನಿವೃತ್ತ ಪ್ರೈಮರಿ ಸ್ಕೂಲ್ ಮೇಡಂ. ಆಯ್ಕೆಗಳು ಬರೋ ಮೊದಲೇ 'ಕೊಡಗು' ಅಂದು ಇನ್ನೊಂದು ಕಾಯಿ ಬಿಡಿಸಿದಳು. ಅಲ್ಲಿ ನಾಯಕಿ ನಾಲಿಗೆ ಕಚ್ಚಿಕೊಂಡು 'ಮೈಸೂರಾ?' ಅಂದರು. ಸೆಟ್ ಪೂರ್ತಿ ಹೋ ಅಂತ ನಕ್ಕಿತು. ಅಯ್ಯೋ ಎಷ್ಟು ಮುದ್ದು ಅಂತ ಜಡ್ಜ್ ಕೆನ್ನೆ ಹಿಂಡಿದರು. ಅದನ್ನು ಮತ್ತೆ ಮತ್ತೆ ಹಾಕಿ, ಗೊಂಬೆ ಸದ್ದು ಸೇರಿಸಿ ಆರು ನಿಮಿಷ ಎಳೆದರು. ಗೊತ್ತಿಲ್ಲದಿರುವುದು ತಪ್ಪಲ್ಲ, ನನಗೂ ಸಾವಿರ ವಿಷಯ ಗೊತ್ತಿಲ್ಲ. ಆದರೆ ಗೊತ್ತಿಲ್ಲದ್ದೇ ಒಂದು ಸೊಬಗು, ಗೊತ್ತಿರುವವರು ಬೋರು, ಈ ಪದ್ಧತಿ ಯಾವಾಗ ಶುರುವಾಯಿತು?

ಇದೇ ಕನ್ನಡದಲ್ಲಿ, ಚಂದನದಲ್ಲಿ, 2002ರ ಜನವರಿಯಲ್ಲಿ 'ಥಟ್ ಅಂತ ಹೇಳಿ' ಶುರುವಾಯಿತು. ಡಾ. ನಾ. ಸೋಮೇಶ್ವರ ಅವರು, ಸ್ಪರ್ಧಿಗಳು, ಪ್ರಶ್ನೆ, ಉತ್ತರ. ಬಹುಮಾನಕ್ಕೆ ಪುಸ್ತಕ. ಕಾರಿಲ್ಲ, ಹೊಗೆ ಇಲ್ಲ, ಕೊಳಲೂ ಇಲ್ಲ. ಸಾವಿರಾರು ಕಂತು ಆಗಿವೆ ಅದರದ್ದು. ಅಮ್ಮ ಹಳೇ ಕ್ಯಾಲೆಂಡರ್ ಹಿಂದೆ ಉತ್ತರ ಬರೆದುಕೊಂಡು ತನಗೆ ತಾನೇ ಅಂಕ ಹಾಕಿಕೊಳ್ಳುತ್ತಿದ್ದಳು, ಮೋಸ ಮಾಡದೆ.

ದುಡ್ಡಿನ ಆಟ ಬೇಡ ಅಂತಲೂ ನಾನು ಹೇಳ್ತಿಲ್ಲ. 2012ರಲ್ಲಿ ಪುನೀತ್ 'ಕನ್ನಡದ ಕೋಟ್ಯಧಿಪತಿ' ನಡೆಸಿಕೊಟ್ಟಾಗ ನಮ್ಮ ಬೀದಿಯೇ ನೋಡಿತ್ತು. ಅಲ್ಲೂ ಜನ ಅತ್ತರು, ಅತ್ತವರನ್ನು ಅಪ್ಪು ಸಮಾಧಾನ ಮಾಡಿದರು. ಆದರೆ ಅತ್ತಾದ ಮೇಲೆ ಮುಂದಿನ ಪ್ರಶ್ನೆ ಬರುತ್ತಿತ್ತು ಸ್ವಾಮಿ!

ಈಗಿನವರು ಗೆದ್ದವರಿಗೂ ಪೂರ್ತಿ ಸತ್ಯ ಹೇಳಲ್ಲ. ಬಾಗಿಲಿನಷ್ಟು ದೊಡ್ಡ ಚೆಕ್ ಹಿಡಿಸಿ 'ಒಂದು ಲಕ್ಷಾಆಆ' ಅಂತ ಕಿರುಚುತ್ತಾರೆ. ಇಂಥ ಆಟದಲ್ಲಿ ಗೆದ್ದ ಹಣಕ್ಕೆ 30% ಆದಾಯ ತೆರಿಗೆ, ಮೂಲದಲ್ಲೇ ಮುರಿದುಕೊಳ್ಳುತ್ತಾರೆ, ಕೈಗೆ ಬರೋದು ಎಪ್ಪತ್ತು ಸಾವಿರ ಅಂತ ಯಾರೂ ಕಿರುಚಲ್ಲ. ಗೆದ್ದ ತಾಯಿ ಮಗನ ಫೀಸಿಗೆ ಅಂತ ಲಕ್ಷದ ಲೆಕ್ಕ ಹಾಕಿಕೊಂಡೇ ಮನೆಗೆ ಹೋಗಿರ್ತಾಳೆ.

ಇಷ್ಟೆಲ್ಲ ಆದ ಮೇಲೆ ವೀಕ್ಷಕರಿಗೂ ಒಂದು ಪ್ರಶ್ನೆ ಹಾಕಿದರು: ಈವತ್ತು ಅತ್ತೆ ಉಟ್ಟ ಸೀರೆ ಬಣ್ಣ ಯಾವುದು? ಎ, ಬಿ, ಸಿ. ಮೆಸೇಜ್ ಮಾಡಿ, ಫ್ರಿಜ್ ಗೆಲ್ಲಿ.

ರಿಮೋಟ್ ಹುಡುಕಿದೆ, ಸಿಗಲಿಲ್ಲ. ಅಮ್ಮನ ಅವರೆಕಾಯಿ ಸಿಪ್ಪೆ ಕೆಳಗೆ ಹೂತುಹೋಗಿತ್ತು. ತೆಗೆದು ಟಿವಿ ಆರಿಸಿದೆ.

"ಕೆಂಪು ಕಣೋ," ಅಂದಳು ಅಮ್ಮ, "ಹಸಿರು ಅಂಚು."