ಸ್ಪಗೆಟಿ-ಮೀಟ್‌ಬಾಲ್‌ಗೆ ಮೂಗು ಮುರಿಯೋರಿಗೆ

"ಅದು ಇಟಲಿ ಅಡುಗೆನೇ ಅಲ್ಲ ಕಣ್ರೀ. ಅಲ್ಲಿ ಯಾರೂ ಹಾಗೆ ತಿನ್ನಲ್ಲ."

ಸ್ಪಗೆಟಿ ಮತ್ತು ಮೀಟ್‌ಬಾಲ್ (ಉದ್ದೆಳೆಯ ಪಾಸ್ತಾ, ಮೇಲೆ ಟೊಮೆಟೊ ಸಾಸಲ್ಲಿ ಬೆಂದ ಮಾಂಸದುಂಡೆ) ಫೋಟೋ ಹಾಕಿದ್ರೆ ಸಾಕು, ರೋಮಿಗೆ ಒಂದು ವಾರದ ಟೂರ್ ಹೋಗಿ ಬಂದ ಯಾರಾದ್ರೂ ಒಬ್ರು ಈ ಮಾತು ಹೇಳೋಕೆ ಹಾಜರ್. ಹೇಳೋ ಧಾಟಿ ನೋಡಬೇಕು, ನಾವೇನೋ ಖೋಟಾ ನೋಟು ಚಲಾಯಿಸ್ತಾ ಸಿಕ್ಕಿಬಿದ್ದಿರೋ ಹಾಗೆ. ನಾನಿರೋದು ನ್ಯೂಜೆರ್ಸಿಯಲ್ಲಿ. ಈ ಊಟ ಬೆಳೆದು ದೊಡ್ಡದಾಗಿದ್ದು ಇದೇ ಸೀಮೆಯಲ್ಲಿ, ಇಲ್ಲಿನ ಇಟಾಲಿಯನ್ ಮನೆಗಳ ಭಾನುವಾರದ ಮಧ್ಯಾಹ್ನಗಳಲ್ಲಿ. ನಮ್ಮ ಮನೆಯಲ್ಲೂ ನಾಲ್ಕು ಜನ ಸೇರೋ ದಿನ ಒಲೆ ಮೇಲೆ ಏರೋದು ಬಹಳ ಸಲ ಇದೇ. ಹಾಗಾಗಿ ಇದರ ಪರ ಸ್ವಲ್ಪ ವಕಾಲತ್ತು ವಹಿಸ್ತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಆ ಟೂರ್ ಗಿರಾಕಿಗಳ ಮಾತು. ಅರ್ಧ ನಿಜ. ಇಟಲಿಯಲ್ಲಿ ಮಾಂಸದ ಉಂಡೆಗೆ ಪೊಲ್ಪೆತ್ತೆ ಅಂತಾರೆ. ಮೊದಲು ಪಾಸ್ತಾ, ಅದು ಮುಗಿದ ಮೇಲೆ ಬೇರೆ ತಟ್ಟೆಯಲ್ಲಿ ಪೊಲ್ಪೆತ್ತೆ. ದೊಡ್ಡ ದೊಡ್ಡ ಉಂಡೆಗಳನ್ನ ಸ್ಪಗೆಟಿ ಮೇಲೆ ಕೂರಿಸಿ ಕೊಡೋ ಪದ್ಧತಿ ಅಲ್ಲಿಲ್ಲ. ಆದರೆ "ಯಾರೂ ತಿನ್ನಲ್ಲ" ಅನ್ನೋದು ಸುಳ್ಳು. ಅಬ್ರುಜ್ಜೋ ಪ್ರಾಂತ್ಯದ ತೆರಮೋ ಕಡೆ ತಂತಿ ಬಿಗಿದ ಮರದ ಚೌಕಟ್ಟಿನ ಮೇಲೆ ಹಿಟ್ಟಿನ ಹಾಳೆ ಇಟ್ಟು, ಲಟ್ಟಣಿಗೆಯಲ್ಲಿ ಒತ್ತಿ ಎಳೆ ಎಳೆಯಾಗಿ ಕತ್ತರಿಸೋ ಪಾಸ್ತಾ ಇದೆ. ಅದಕ್ಕೆ ಟೊಮೆಟೊ ಸಾಸಿನ ಜೊತೆ ಬೀಳೋದು ಕಡಲೆಕಾಳಿನಷ್ಟು ಪುಟಾಣಿ ಮಾಂಸದುಂಡೆಗಳು. ನೇಪಲ್ಸ್‌ನಲ್ಲಿ ಕಾರ್ನಿವಲ್ ಹೊತ್ತಿಗೆ ಮಾಡೋ ಲಸಾನ್ಯದ ಪದರಗಳ ಮಧ್ಯೆನೂ ಇಂಥವೇ ಸಣ್ಣ ಉಂಡೆ ಸಿಗ್ತವೆ. ಅಂದ್ರೆ ಬೀಜ ಅಲ್ಲಿಯದೇ. ಉಂಡೆ ದಪ್ಪ ಆಗಿದ್ದು ಇಲ್ಲಿ ಬಂದ ಮೇಲೆ.

ದಪ್ಪ ಯಾಕಾಯ್ತು ಅನ್ನೋದ್ರಲ್ಲೇ ಇರೋದು ಇದರ ಕಥೆಯೆಲ್ಲ. 1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಹಡಗು ಹತ್ತಿ ಅಮೆರಿಕಕ್ಕೆ ಬಂದ್ರು. ಬಹುಪಾಲು ದಕ್ಷಿಣದವರು: ಸಿಸಿಲಿ, ಕಲಾಬ್ರಿಯಾ, ಕಂಪಾನಿಯಾ ಕಡೆಯ ಬಡ ರೈತರು, ಜಮೀನಿಲ್ಲದ ಕೂಲಿಗಳು. ಊರಲ್ಲಿ ಇವರು ತಿಂತಿದ್ದದ್ದು ರೊಟ್ಟಿ, ಕಾಳು, ಸೊಪ್ಪು. ಮಾಂಸ ಕಾಣ್ತಿದ್ದದ್ದು ಹಬ್ಬಕ್ಕೆ, ಮದುವೆಗೆ. ಇರೋ ಚೂರು ಮಾಂಸ ಎಲ್ಲರಿಗೂ ಸಾಲಲಿ ಅಂತ ಒಣ ಬ್ರೆಡ್ ನೆನೆಸಿ ಸೇರಿಸಿ ಉಂಡೆ ಕಟ್ತಿದ್ರು. ಇಲ್ಲಿಗೆ ಬಂದು ಬಂದರಿನಲ್ಲೋ ರೈಲು ಹಳಿ ಹಾಕೋದ್ರಲ್ಲೋ ಬಟ್ಟೆ ಕಾರ್ಖಾನೆಯಲ್ಲೋ ದುಡಿಯೋಕೆ ನಿಂತಾಗ ಕೆಲಸ ಕಠಿಣವೇ, ಬಾಡಿಗೆ ಮನೆ ಇಕ್ಕಟ್ಟೇ. ಆದರೆ ಕಟುಕನ ಅಂಗಡಿಯ ಮಾಂಸ ಕೈಗೆಟುಕ್ತು. ಅಮ್ಮಂದಿರು ಏನು ಮಾಡಿರ್ತಾರೆ ಹೇಳಿ? ಉಂಡೆ ದೊಡ್ಡದು ಮಾಡಿದ್ರು. ಡಬ್ಬಿ ಟೊಮೆಟೊ ಸಿಗ್ತಿತ್ತು, ಒಣ ಪಾಸ್ತಾ ಸಿಗ್ತಿತ್ತು, ಎಲ್ಲ ಒಂದೇ ತಪ್ಪಲೆಗೆ ಬಂತು.

ಇದನ್ನ ನಕಲಿ ಅನ್ನೋಕೆ ನನಗೆ ಬಾಯಿ ಬರಲ್ಲ. ಹಸಿದು ಬಂದೋರು ಮೊದಲ ಸಲ ಕೈತುಂಬ ಕೂಲಿ ಎಣಿಸಿ, ಮಕ್ಕಳ ತಟ್ಟೆಗೆ ಧಾರಾಳವಾಗಿ ಬಡಿಸಿದ ಊಟ ಇದು. ಮೂರ್ನಾಲ್ಕು ತಲೆಮಾರು ಪ್ರತಿ ಭಾನುವಾರ ಕೂತು ಉಂಡಿದ್ದನ್ನ ಅಸಲಿ ಅಲ್ಲ ಅಂತ ಸರ್ಟಿಫಿಕೇಟ್ ಕೊಡೋಕೆ ರೋಮಿನ ರೆಸ್ಟೋರೆಂಟ್ ಯಾರು?

ತಮಾಷೆ ಏನಂದ್ರೆ ಆ ಕಾಲದಲ್ಲಿ ಮೂಗು ಮುರೀತಿದ್ದೋರು ಅಮೆರಿಕನ್ನರು. ವಲಸಿಗರ ಕೇರಿಗೆ ಬರ್ತಿದ್ದ ಸಮಾಜ ಸೇವಕರು, ಪೌಷ್ಟಿಕ ಆಹಾರದ ಉಪದೇಶಕರಿಗೆ ಬೆಳ್ಳುಳ್ಳಿ ವಾಸನೆ, ಎಣ್ಣೆ, ಎಲ್ಲ ಕಲಸಿ ತಿನ್ನೋದು, ಯಾವುದೂ ಹಿಡಿಸ್ತಿರಲಿಲ್ಲ. ಇಲ್ಲಿನ ಅಪಾರ್ಟ್‌ಮೆಂಟಲ್ಲಿ ಒಣಮೀನು ಹುರಿಯೋ ಮುಂಚೆ ಕಿಟಕಿ ತೆಗೆದು, ಬಾಗಿಲ ಸಂದಿಗೆ ಟವೆಲ್ ತುರುಕಿದ ಯಾರಿಗೇ ಆದ್ರೂ ಆ ಕೇರಿಯ ಹೆಂಗಸರ ಪಾಡು ಗೊತ್ತಾಗುತ್ತೆ. ಅದೇ ಅಮೆರಿಕ ಆಮೇಲೆ ಇದನ್ನ ಡಬ್ಬಿಯಲ್ಲಿ ತುಂಬಿಸಿಕೊಂಡು ತಿಂತು. ಡಬ್ಬಿಗೆ ಹಾಕಿದೋರಲ್ಲಿ ದೊಡ್ಡ ಹೆಸರು ಎತ್ತೊರೆ ಬೊಯಾರ್ಡಿ. 1897ರಲ್ಲಿ ಪಿಯಾಚೆಂಜಾದಲ್ಲಿ ಹುಟ್ಟಿದೋರು, ಅಂದ್ರೆ ಉತ್ತರ ಇಟಲಿಯವರು. ಕ್ಲೀವ್‌ಲ್ಯಾಂಡ್‌ನಲ್ಲಿ ಅವರ ರೆಸ್ಟೋರೆಂಟಿಗೆ ಬರೋ ಜನ ಸಾಸ್ ಮನೆಗೂ ಬೇಕು ಅಂತ ಕೇಳಿದಾಗ ಹಾಲಿನ ಬಾಟಲಿಗಳಲ್ಲಿ ತುಂಬಿಸಿ ಕೊಡ್ತಿದ್ರಂತೆ. 1938ರಲ್ಲಿ ಪೆನ್ಸಿಲ್ವೇನಿಯಾದ ಮಿಲ್ಟನ್‌ಗೆ ಕಾರ್ಖಾನೆ ಬಂತು, ಎರಡನೇ ಮಹಾಯುದ್ಧದಲ್ಲಿ ಸೈನಿಕರ ಡಬ್ಬಿ ಊಟಕ್ಕಾಗಿ ಅದು 24 ಗಂಟೆ ಓಡ್ತು. ಶೆಫ್ ಬೊಯಾರ್ಡಿ ಡಬ್ಬಿಯ ಮೇಲೆ ಟೋಪಿ ಹಾಕ್ಕೊಂಡು ನಗೋ ಮೀಸೆಯ ಮನುಷ್ಯ ಅವರೇ. ದಕ್ಷಿಣದ ಕೂಲಿಕಾರರ ಊಟಕ್ಕೆ ಉತ್ತರದವನ ಮುಖ! ಆ ಡಬ್ಬಿ ಪದಾರ್ಥ ನನಗೆ ಸೇರಲ್ಲ, ಅದು ಬೇರೆ ಮಾತು. ಮಕ್ಕಳಿಗೆ ಮಾತ್ರ ಯಾಕೋ ಪ್ರಾಣ.

ಸರಿ, ಅಡುಗೆಗೆ ಬರೋಣ. ನಮ್ಮ ಮನೆಯಲ್ಲಿ ದನದ ಮಾಂಸ ಇಲ್ಲ. ಇಲ್ಲಿನ ಇಟಾಲಿಯನ್ನರು ದನ, ಹಂದಿ, ಎಳೆಗರು ಮೂರನ್ನೂ ಬೆರೆಸ್ತಾರೆ. ನಾನು ಓಕ್ ಟ್ರೀ ರೋಡಿನ ಹಲಾಲ್ ಅಂಗಡಿಯಿಂದ ಕುರಿ ಕೈಮಾ ಅರ್ಧ, ಕೋಳಿ ತೊಡೆಯ ಕೈಮಾ ಅರ್ಧ ತರ್ತೀನಿ. ಬರೀ ಕುರಿ ಹಾಕಿದ್ರೆ ಟೊಮೆಟೊನ ತುಳಿದುಬಿಡುತ್ತೆ, ಬರೀ ಕೋಳಿ ಎದೆ ಹಾಕಿದ್ರೆ ರಬ್ಬರು. ಕೊಬ್ಬಿಲ್ಲದ ಕೈಮಾ ಬೇಕು ಅನ್ನೋ ಆರೋಗ್ಯವಂತರು ದಯವಿಟ್ಟು ಬೇರೆ ಅಡುಗೆ ಮಾಡ್ಕೊಳ್ಳಿ.

ಒಂದು ಕೆಜಿ ಕೈಮಾಗೆ 150 ಗ್ರಾಂ ಬ್ರೆಡ್, ಅಂಚು ತೆಗೆದು ಒಂದು ಲೋಟ ಹಾಲಲ್ಲಿ ನೆನೆಸಿ, ಕೈಯಲ್ಲೇ ಕಿವುಚಬೇಕು. ಗಂಟಿಲ್ಲದೆ ಗಟ್ಟಿ ಗಂಜಿಯ ಹದಕ್ಕೆ ಬರುತ್ತೆ. ಎರಡು ಮೊಟ್ಟೆ, ತುರಿದ ಚೀಸ್ ಒಂದು ದೊಡ್ಡ ಹಿಡಿ, ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು, ಮೆಣಸಿನ ಪುಡಿ ಇದಕ್ಕೇ ಸೇರಲಿ. ಮಾಂಸ, ಉಪ್ಪು ಕೊನೆಗೆ. ಬಡವರು ಮಾಂಸ ಸಾಲಲ್ಲ ಅಂತ ಹಾಕ್ತಿದ್ದ ಬ್ರೆಡ್ಡನ್ನ ಮಾಂಸ ಹೇರಳವಾಗಿ ಸಿಕ್ಕ ಮೇಲೂ ಯಾಕೆ ಬಿಡಲಿಲ್ಲ ಅನ್ನೋದಕ್ಕೆ ಉತ್ತರ ತಿಂದ್ರೆ ಗೊತ್ತಾಗುತ್ತೆ. ಮಾಂಸ ಬೇಯ್ತಾ ಬಿಗಿದುಕೊಂಡು ನೀರು ಹಿಂಡುತ್ತೆ, ಆ ನೀರನ್ನ ಬ್ರೆಡ್ಡು ಹಿಡಿದಿಟ್ಟುಕೊಳ್ಳುತ್ತೆ. ಚಮಚದ ತುದಿಯಲ್ಲಿ ಒತ್ತಿದ್ರೆ ಉಂಡೆ ಬಿರಿಯಬೇಕು, ಚಾಕು ಕೇಳಬಾರದು.

ಕಳೆದ ಬೇಸಿಗೆಯಲ್ಲಿ ಮಂಡ್ಯದಿಂದ ಅತ್ತೆ ಬಂದಿದ್ರು. ಕೈಮಾ ಉಂಡೆ ಸಾರಿನಲ್ಲಿ ಅವರ ಕೈ ಎತ್ತಿದ ಕೈ. ನಾನು ಬೆರಳ ತುದಿಯಲ್ಲಿ ಹಗುರಾಗಿ ಕಲಸ್ತಿದ್ದದ್ದು ನೋಡಿ ಅವರಿಗೆ ತಡೀಲಿಲ್ಲ.

"ಇದೇನಪ್ಪ ಇಷ್ಟು ಸಡಿಲ ಬಿಟ್ಟಿದೀಯ? ಸಾರಲ್ಲಿ ಕದಡಿ ಹೋಗಲ್ವಾ?"

"ಇದು ಹಸೀದೇ ಸಾರಿಗೆ ಬೀಳಲ್ಲ ಅತ್ತೆ. ಮೊದಲು ಓವನ್ನಲ್ಲಿ ಮೇಲುಗಡೆ ಕೆಂಪಗಾಗುತ್ತೆ, ಆಮೇಲೆ."

"ಹಂಗಂದ್ರೆ ಸರಿ. ನಾವು ಹಸೀದೇ ಬಿಡೋದಲ್ವಾ, ಅದಕ್ಕೆ ಬಿಗಿ ಬೇಕು."

ಎರಡು ಅಡುಗೆಗೂ ಇರೋ ವ್ಯತ್ಯಾಸ ಅವರು ಅಷ್ಟರಲ್ಲೇ ಹೇಳಿ ಮುಗಿಸಿದ್ರು. ಕೈಮಾ ಉಂಡೆಗೆ ಹುರಿಗಡಲೆ, ತೆಂಗಿನಕಾಯಿ, ಚಕ್ಕೆ, ಲವಂಗ ಎಲ್ಲದರ ಜೊತೆ ಮಾಂಸನೂ ನುಣ್ಣಗೆ ಅರೆದು, ಚೆನ್ನಾಗಿ ಮಿದ್ದು ಕಟ್ತಾರೆ. ಉಪ್ಪು ಬಿದ್ದ ಮಾಂಸ ನಾದಿದಷ್ಟೂ ಅಂಟು ಬಿಡುತ್ತೆ, ಉಂಡೆ ಗಟ್ಟಿಯಾಗಿ ಪುಟಿಯೋ ಹಾಗಾಗುತ್ತೆ. ಕುದಿಯೋ ಸಾರಿಗೆ ಹಸಿ ಉಂಡೆ ಬಿಡೋರಿಗೆ ಅದು ಬೇಕೇ ಬೇಕು. ಮೀಟ್‌ಬಾಲ್‌ಗೆ ಅದೇ ಶತ್ರು. ಅತ್ತೆ ಮೊದಲು ಒಂದೇ ಒಂದು ಉಂಡೆ ಸಾರಿಗೆ ಬಿಟ್ಟು ನೋಡ್ತಾರೆ. ಒಡೀಲಿಲ್ಲ ಅಂದ್ರೆ ಮಿಕ್ಕವು, ಒಡೆದ್ರೆ ಇನ್ನೊಂದಿಷ್ಟು ಹುರಿಗಡಲೆ ಪುಡಿ. ನಾನೂ ಒಂದು ಚೂರು ಬಾಣಲೆಯಲ್ಲಿ ಹುರಿದು ಉಪ್ಪು ನೋಡ್ತೀನಿ. ಆಮೇಲೆ ಇಬ್ರೂ ಕೂತು ಕೈ ಒದ್ದೆ ಮಾಡ್ಕೊಂಡು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದ್ವಿ. ಅವರ ಉಂಡೆಗಳು ಅಚ್ಚಲ್ಲಿ ಹೊಯ್ದ ಹಾಗೆ, ನನ್ನವು ಒಂದೊಂದು ಒಂದೊಂದು ಥರ. 220 ಡಿಗ್ರಿ ಸೆಲ್ಸಿಯಸ್ ಓವನ್ನಲ್ಲಿ ಕಾಲು ಗಂಟೆ ಇಟ್ರೆ ಬಣ್ಣ ಬರುತ್ತೆ, ಒಳಗೆ ಪೂರ್ತಿ ಬೆಂದಿರಲ್ಲ, ಬೇಯೋದೂ ಬೇಡ. ಮಿಕ್ಕಿದ್ದು ಸಾಸಿನಲ್ಲಿ. ಕೋಳಿ ಕೈಮಾ ಇರೋದ್ರಿಂದ ಕೊನೆಗೆ ಉಂಡೆಯ ನಡುಮಧ್ಯ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯಾ ಅಂತ ಥರ್ಮಾಮೀಟರ್ ಚುಚ್ಚಿ ನೋಡೋದು ಒಳ್ಳೇದು.

ಸಾಸಿನ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಸೂಪರ್‌ಮಾರ್ಕೆಟ್ಟಿನ ಹಸಿ ಟೊಮೆಟೊಗೆ ಇಲ್ಲಿ ಬಣ್ಣ ಬಿಟ್ರೆ ಇನ್ನೇನೂ ಇಲ್ಲ, ಹಾಗಾಗಿ ಡಬ್ಬಿಯೇ. ಅದರಲ್ಲೂ ಇಡೀ ಟೊಮೆಟೊ ಇರೋ ಡಬ್ಬಿ, 28 ಔನ್ಸಿಂದು, ಎರಡು. ಹೆಚ್ಚಿ ತುಂಬಿಸಿದ್ದಕ್ಕೆ ತುಂಡು ಕರಗದಿರಲಿ ಅಂತ ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರ್ತಾರೆ, ಎಷ್ಟು ಕುದಿಸಿದ್ರೂ ಹೋಳು ಹೋಳಾಗೇ ಇರುತ್ತೆ. ಆಲಿವ್ ಎಣ್ಣೆ ಜಿಪುಣತನ ಮಾಡದೆ ಹಾಕಿ, ಸಣ್ಣ ಉರಿಯಲ್ಲಿ ಬೆಳ್ಳುಳ್ಳಿ. ನಮ್ಮ ಕೈಗೆ ಒಗ್ಗರಣೆ ಅಂದ ಕೂಡಲೇ ಬೆಳ್ಳುಳ್ಳಿ ಕೆಂಪಗೆ ಮಾಡೋ ಚಾಳಿ. ಇಲ್ಲಿ ಬೆಳ್ಳಗೇ ಇರುವಾಗ ಟೊಮೆಟೊ ಬೀಳಬೇಕು. ಮುಕ್ಕಾಲು ಗಂಟೆ ತಳಮಳ ಅಂತ ಸಣ್ಣಗೆ ಕುದ್ದ ಮೇಲೆ ಉಂಡೆಗಳು, ಮತ್ತೆ ಅರ್ಧ ಗಂಟೆ. ತುಳಸಿಯ ಸೋದರಿ ಬೇಸಿಲ್ ಕೊನೆಗೆ.

ಈಗ ನೀವು ಕೇಳ್ತೀರ: ವಲಸೆ ಬಂದೋರು ತಮಗೆ ಬೇಕಾದ ಹಾಗೆ ಬದಲಾಯಿಸಿದ್ದು ಸರಿ ಅಂದ್ರೆ ನಾವು ಗರಂ ಮಸಾಲೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿದ್ರೆ ತಪ್ಪೇನು? ತಪ್ಪೇನಿಲ್ಲ, ಯಾರೂ ಪೊಲೀಸ್ ಕರೆಯಲ್ಲ. ನನ್ನ ತಕರಾರು ಬೇರೆ. ಗರಂ ಮಸಾಲೆ ಹಾಕಿದ ಮೀಟ್‌ಬಾಲ್ ಅಂದ್ರೆ ಹುರಿಗಡಲೆ ಇಲ್ಲದ, ತೆಂಗಿನಕಾಯಿ ಇಲ್ಲದ, ಅರೆದ ಮಸಾಲೆಯ ಸಾರಿಲ್ಲದ ಕೈಮಾ ಉಂಡೆ. ಅಸಲಿ ನಮ್ಮ ಮನೆಯಲ್ಲೇ ಇರುವಾಗ ಅದರ ಬಡಕಲು ತಮ್ಮನ್ನ ಯಾಕೆ ಸಾಕಬೇಕು? ಖಾರ ಬೇಕು ಅನ್ನೋರು ಒಣಮೆಣಸಿನಕಾಯಿ ಮುರಿದು ಹಾಕಿ. ಕಲಾಬ್ರಿಯಾದೋರು ಖಾರದಲ್ಲಿ ನಮಗೇನೂ ಕಡಿಮೆ ಇಲ್ಲ.

ಕೆಚಪ್ ವಿಷಯಕ್ಕೆ ಮಾತ್ರ ರಾಜಿ ಇಲ್ಲ. ಅದರಲ್ಲಿರೋದು ಸಕ್ಕರೆ, ವಿನೆಗರ್. ಒಂದು ಗಂಟೆ ಕುದ್ದು ತನ್ನಷ್ಟಕ್ಕೆ ಸಿಹಿಯಾದ ಟೊಮೆಟೊ ಮೇಲೆ ಅದನ್ನ ಸುರಿಯೋ ನೆಂಟರಿಗೆ ಮುಂದಿನ ಸಲ ಮ್ಯಾಗಿ ಮಾಡಿಕೊಡ್ತೀನಿ.

ಸಸ್ಯಾಹಾರಿ ನೆಂಟರು ಬರೋದಿದ್ರೆ ಒಂದು ಎಚ್ಚರ. ಮಾಂಸ ಬೀಳೋ ಮುಂಚೆ ಸ್ವಲ್ಪ ಸಾಸ್ ಬೇರೆ ಪಾತ್ರೆಗೆ ತೆಗೆದಿಡೋದು ಎಲ್ಲರಿಗೂ ಗೊತ್ತು. ಚೀಸ್ ಮಾತ್ರ ಮರೀತಾರೆ. ಪಾರ್ಮಿಜಾನೊ ರೆಜಾನೊ ಮಾಡೋಕೆ ಹಾಲು ಒಡೆಯೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಅದು ನಿಯಮವೇ. "ಚೀಸ್ ತಾನೇ" ಅಂತ ಮಡಿ ದೊಡ್ಡಮ್ಮನ ತಟ್ಟೆ ಮೇಲೆ ತುರಿದು ಉದುರಿಸೋ ಮುಂಚೆ ಪ್ಯಾಕೆಟ್ ಓದಿ. ಸೂಕ್ಷ್ಮಜೀವಿಯ ರೆನೆಟ್ ಬಳಸಿದ ಚೀಸ್ ಬೇರೆ ಸಿಗುತ್ತೆ. ರುಚಿ ಒಂದು ಕೈ ಕಡಿಮೆ, ಪರವಾಗಿಲ್ಲ.

ಸ್ಪಗೆಟಿ ಬೇಯಿಸೋದರ ಬಗ್ಗೆ ಜಾಸ್ತಿ ಹೇಳಲ್ಲ. 100 ಗ್ರಾಂಗೆ ಒಂದು ಲೀಟರ್ ನೀರು, ಲೀಟರಿಗೆ ಹತ್ತು ಗ್ರಾಂ ಉಪ್ಪು, ಪ್ಯಾಕೆಟ್ ಹೇಳಿದ್ದಕ್ಕಿಂತ ಒಂದು ನಿಮಿಷ ಮುಂಚೆ ಇಳಿಸೋದು. ನೀರು ಚೆಲ್ಲೋ ಮುಂಚೆ ಒಂದು ಲೋಟ ಎತ್ತಿಡಿ. ಅದರಲ್ಲಿ ಬಿಟ್ಟಿರೋ ಗಂಜಿಯಿಂದ್ಲೇ ಎಣ್ಣೆಯೂ ಟೊಮೆಟೊವೂ ಬೆರೆತು ಎಳೆಗೆ ಹಿಡಿಯೋದು. ತಣ್ಣೀರಲ್ಲಿ ತೊಳೆದ್ರೋ, ಮುಗೀತು. ಇನ್ನು ಉದ್ದ ಎಳೆ ಮುರಿದು ಹಾಕೋದು ಮಹಾಪಾಪ ಅಂತಾರೆ. ಫೋರ್ಕಿನಲ್ಲಿ ಸುತ್ತಿಕೊಳ್ಳೋಕೆ ಬರದ ಎಪ್ಪತ್ತರ ಹಿರಿಯರಿಗೆ, ಮೂರು ವರ್ಷದ ಮೊಮ್ಮಗಳಿಗೆ ಮುರಿದೇ ಹಾಕಿ. ಅತ್ತೆ ಚಮಚ, ಫೋರ್ಕು ಎರಡನ್ನೂ ಪಕ್ಕಕ್ಕಿಟ್ಟು ಕೈಯಲ್ಲೇ ಕಲಸಿದ್ರು. ಎದುರಿಗೆ ಕೂತಿದ್ದ ನಮ್ಮ ಪಕ್ಕದ ಮನೆಯ ಅಜ್ಜಿ, ಅವರಪ್ಪ ಅಮ್ಮ ನೇಪಲ್ಸ್ ಕಡೆಯಿಂದ ಬಂದೋರು, ಉಂಡೆನ ಬ್ರೆಡ್ಡಿನ ಚೂರಿನಿಂದ ಒತ್ತಿ ಸಾಸ್ ಸಮೇತ ಬಾಯಿಗೆ ಹಾಕ್ಕೊಂಡ್ರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಂಬರ್ಧ. ಆದರೆ ಉಂಡೆ ಯಾರದ್ದು ದುಂಡಗಿದೆ ಅನ್ನೋದ್ರಲ್ಲಿ ಒಮ್ಮತ ಇತ್ತು. ನನ್ನದಲ್ಲ.

ಮಾಡೋದಾದ್ರೆ ಎರಡು ದಿನಕ್ಕಾಗೋಷ್ಟು ಮಾಡಿ. ಮರುದಿನ ಮಕ್ಕಳಿಗೆ ಉದ್ದ ಬನ್ ಸೀಳಿ, ಉಂಡೆ ಜೋಡಿಸಿ, ಮೇಲೆ ಮೊಟ್ಜರೆಲ್ಲಾ ಕರಗಿಸಿ ಕೊಟ್ರೆ ಸ್ಕೂಲಿಂದ ಬಂದೋರು ಉಸಿರೆತ್ತಲ್ಲ. ನಮ್ಮ ಮನೆಯ ದೊಡ್ಡೋರಿಗೆ ಅವತ್ತು ಅತ್ತೆ ಮುದ್ದೆ ತಿರುವಿದ್ರು. ಮುದ್ದೆಗೆ ಈ ಸಾಸ್ ಹಾಗೇ ಆಗಲ್ಲ, ಗಟ್ಟಿ ಆಯ್ತು, ಗಂಟಲಲ್ಲಿ ಇಳಿಯಲ್ಲ. ಬಿಸಿನೀರು ಬೆರೆಸಿ ತೆಳ್ಳಗೆ ಮಾಡಿ, ಒಂದು ಕುದಿ ಬರಿಸಿ, ಮೇಲೆ ಮೆಣಸಿನ ಪುಡಿ ಉದುರಿಸಬೇಕು. "ಹುಳಿ ಒಂಚೂರು ಮುಂದು" ಅಂದ್ರು ಅತ್ತೆ, ಎರಡನೇ ಮುದ್ದೆ ಮುರೀತಾ.