ಹಳೆ ಫಿಯೆಟ್‌ಗೆ ಕಾರ್ಖಾನೆಯ ಬಣ್ಣವೇ ಆಗಬೇಕಾ?

ಪರ

ಹಳೆ ಕಾರಿಗೆ ಮತ್ತೆ ಪೇಂಟ್ ಹೊಡೆಸುವಾಗ ಕಾರ್ಖಾನೆಯ ಬಣ್ಣವೇ ಆಗಬೇಕು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಮುಂಬೈನ ಕುರ್ಲಾದಲ್ಲಿ ತಯಾರಾದ ಫಿಯೆಟ್ 1100 ಇರಲಿ, 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬದಲಾದ ಮೇಲಿನ ಗಾಡಿ ಇರಲಿ, ಅದರ ಚೆಂದವೆಲ್ಲ ಆ ಮೆದು ಬಣ್ಣಗಳಲ್ಲಿದೆ. ಕೆನೆ ಬಿಳಿ, ಬೂದು, ತಿಳಿ ನೀಲಿ. ಅವುಗಳ ಪಕ್ಕದಲ್ಲಿ ಕ್ರೋಮ್ ಬಂಪರ್ ಎದ್ದು ಕಾಣುತ್ತದೆ. ಈಗಿನ ಮೆಟಾಲಿಕ್ ಹೊಡೆಸಿದರೆ ಇಡೀ ಗಾಡಿ ಹೊಳೆಯುತ್ತದೆ, ಕ್ರೋಮ್ ಕಾಣೋದೇ ಇಲ್ಲ.

ಮೂಲ ಬಣ್ಣ ಯಾವುದು ಅಂತ ಗೊತ್ತಿಲ್ಲ ಅನ್ನುವವರು ಜಾಸ್ತಿ. ಆದರೆ ಅದು ಕಾರಿನಲ್ಲೇ ಎಲ್ಲೋ ಉಳಿದಿರುತ್ತದೆ. ಟೈಲ್ ಲ್ಯಾಂಪ್ ಬಿಚ್ಚಿ ರಬ್ಬರ್ ಅಡಿ ನೋಡಿ, ಡ್ಯಾಶ್‌ಬೋರ್ಡ್ ಹಿಂದೆ, ಬಾಗಿಲಿನ ಒಳಗಿನ ಹಲಗೆ ತೆಗೆದ ಜಾಗದಲ್ಲಿ, ಅಂದರೆ ಬಿಸಿಲು ಮುಟ್ಟದ ಕಡೆಯೆಲ್ಲ ಹುಡುಕಿ. ರೂಫ್ ನೋಡಿ ಮ್ಯಾಚ್ ಮಾಡಿಸಬೇಡಿ, ಅಲ್ಲಿರೋದು ಬಿಸಿಲಿಗೆ ಮಾಸಿದ ಬಣ್ಣ. ಸಿಕ್ಕ ಚೂರನ್ನು ಹಗುರಾಗಿ ಪಾಲಿಶ್ ಮಾಡಿ ಮೇಲಿನ ಮಬ್ಬು ತೆಗೆಯಿರಿ. ಬಣ್ಣ ಬೆರೆಸುವ ಅಂಗಡಿಯಲ್ಲಿ ಸ್ಪೆಕ್ಟ್ರೋಫೋಟೋಮೀಟರ್, ಅಂದರೆ ಬಣ್ಣ ಅಳೆಯುವ ಯಂತ್ರ, ಇದ್ದರೆ ಹತ್ತಿರದ ಫಾರ್ಮುಲಾ ಸಿಗುತ್ತದೆ, ಅಲ್ಲಿಂದ ಮುಂದೆ ಕಣ್ಣಿನ ಕೆಲಸ. ಒಂದು ತಗಡಿಗೆ ಸ್ಪ್ರೇ ಮಾಡಿಸಿ, ಪೂರ್ತಿ ಒಣಗಲು ಬಿಟ್ಟು, ಟ್ಯೂಬ್‌ಲೈಟಿನಲ್ಲೂ ಬಿಸಿಲಿನಲ್ಲೂ ಹಿಡಿದು ನೋಡಿ. ಒಳಗೆ ಒಂದೇ ಥರ ಕಂಡ ಎರಡು ಬಣ್ಣಗಳು, ಅವುಗಳಲ್ಲಿ ಬೆರೆಸಿದ ಬಣ್ಣದ ಪುಡಿ ಬೇರೆ ಬೇರೆ ಆಗಿದ್ದರೆ, ಹೊರಗೆ ಬಂದ ಕೂಡಲೇ ಬೇರೆಯಾಗುತ್ತವೆ. ತಿಳಿ ಬಣ್ಣಗಳಿಗೆ ಅಡಿಯ ಪ್ರೈಮರ್ ಕೂಡ ಮುಖ್ಯ. ಬೂದು ಪ್ರೈಮರ್ ಮೇಲಿನ ಕೆನೆ ಬಿಳಿಗೂ ರೆಡ್ ಆಕ್ಸೈಡ್ ಅನ್ನುವ ಕೆಂಪು ಪ್ರೈಮರ್ ಮೇಲಿನದ್ದಕ್ಕೂ ವ್ಯತ್ಯಾಸ ಇದೆ, ಅದರಲ್ಲೂ ಕೋಟ್ ತೆಳುವಾಗಿದ್ದರೆ.

ಇನ್ನೊಂದು ಮಾತು. ಬಣ್ಣ ಬದಲಿಸುವವರು ಹೊರಗಷ್ಟೇ ಹೊಡೆಸುತ್ತಾರೆ. ಬಾನೆಟ್ ಎತ್ತಿದರೆ ಹಳೆ ಬಣ್ಣ, ಡಿಕ್ಕಿ ತೆಗೆದರೆ ಹಳೆ ಬಣ್ಣ. ಅಷ್ಟು ಪ್ರೀತಿಯಿಂದ ಎತ್ತಿ ನಿಲ್ಲಿಸಿದ ಗಾಡಿಗೆ ಇದು ಅನ್ಯಾಯ ಅಲ್ವಾ?

ವಿರೋಧ

ಕಾರ್ಖಾನೆಯ ಬಣ್ಣವೇ ಆಗಬೇಕು ಅನ್ನುವವರು ಕಾರ್ಖಾನೆಯ ಪೇಂಟನ್ನೇ ಬಳಸುತ್ತಾರಾ? ಆಗಿನ ಪೇಂಟಿನ ಹೊಳಪು ಮೆತ್ತಗಿತ್ತು, ಬಿಸಿಲಿಗೆ ಬೇಗ ಮಂಕಾಗುತ್ತಿತ್ತು. ಇವತ್ತು ಬಹುತೇಕ ಗ್ಯಾರೇಜುಗಳು ಹೊಡೆಯುವುದು ಪಿಯು (ಪಾಲಿಯುರೆಥೇನ್) ಪೇಂಟ್, ಅದರ ಮೇಲೊಂದು ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಶೇಡ್ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದರೂ ಕಾಣುವ ರೀತಿ ಬೇರೆಯೇ.

ಉದಾಹರಣೆಗೆ ಮಿಲಿಟರಿ ಹರಾಜಿನಲ್ಲಿ ಬಂದ ಹಳೆ ಜೀಪನ್ನೇ ನೋಡಿ. ಅದರ ಮೂಲ ಬಣ್ಣ ಆಲಿವ್ ಹಸಿರು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರೆ ಯಾವುದಕ್ಕೂ ಆ ಬಣ್ಣ ಬಳಿಯುವಂತಿಲ್ಲ. ಅಲ್ಲಿ ಮೂಲವೇ ಅಪರಾಧ! 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ವಾಹನ ನೋಂದಣಿ ನಿಯಮ ಕೂಡ ದೊಡ್ಡ ಬದಲಾವಣೆ ಅಂತ ಹೆಸರಿಸಿ ಹೇಳುವುದು ಚಾಸಿ, ಬಾಡಿ ಶೆಲ್, ಎಂಜಿನ್ ಬಗ್ಗೆ, ಬಣ್ಣದ ಬಗ್ಗೆ ಅಲ್ಲ.

ಪದ್ಮಿನಿ ಅಂದಾಗ ದೇಶದಲ್ಲಿ ಎಷ್ಟೋ ಜನರ ಕಣ್ಣಿಗೆ ಬರುವುದು ಮುಂಬೈ ಟ್ಯಾಕ್ಸಿಯ ಕಪ್ಪು-ಹಳದಿ. 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳು ರಸ್ತೆಯಿಂದ ಸರಿದಾಗ ಜನ ಬೇಸರಪಟ್ಟದ್ದು ಆ ಬಣ್ಣಕ್ಕೂ ಸೇರಿಸಿಯೇ. ಮನೆಯ ಕಾರಿಗೂ ಅಷ್ಟೇ. ಅಜ್ಜ ನಡುವೆ ಯಾವಾಗಲೋ ಹಸಿರು ಹೊಡೆಸಿ, ಮಕ್ಕಳೆಲ್ಲ ಆ ಹಸಿರು ಕಾರಿನಲ್ಲೇ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದರೆ, ಅದನ್ನು ಕೆರೆದು ಮನೆಯವರು ಯಾರೂ ನೋಡದ ಬೂದು ಬಣ್ಣ ತರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕಾರ್ಖಾನೆ ಬಿಟ್ಟ ಮೇಲೆ ಆ ಗಾಡಿ ಬದುಕಿದ್ದು ಮನೆಯವರ ಜೊತೆ.

ಹಾಗಂತ ಕಂಡದ್ದೆಲ್ಲ ಹೊಡೆಸಿ ಅಂತ ಹೇಳುತ್ತಿಲ್ಲ. ಆ ಕಾಲದ ಗಾಡಿಗಳ ಮೇಲೆ ಓಡಾಡಿದ ಬಣ್ಣವೇ ಇರಲಿ, ಮೆಟಾಲಿಕ್ ಬೇಡ. ಬಾಗಿಲಿನ ಅಂಚು, ಎಂಜಿನ್ ಕೋಣೆ, ಡಿಕ್ಕಿಯ ಒಳಗೂ ಅದೇ ಬರಲಿ, ಖರ್ಚು ಜಾಸ್ತಿಯಾದರೂ ಸರಿ. ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುತ್ತದೆ, ಹಾಗಾಗಿ ಸ್ಪ್ರೇ ಗನ್ ಹಿಡಿಯುವ ಮೊದಲೇ ಆರ್‌ಟಿಒಗೆ ಹೋಗಿ ಕೇಳಿ, ಇನ್ಶೂರೆನ್ಸಿನವರಿಗೂ ತಿಳಿಸಿ.